ಸೈಲೆನ್ಸರಿಗೆ ಕಡಲೆಕಾಯಿ ಎಣ್ಣೆ

ನಮ್ಮ ಅಡುಗೆಮನೆಯಲ್ಲಿ, ಒಲೆಯ ಬಲಗಡೆಗೆ, ಉದ್ದ ಮೂತಿಯ ಸ್ಟೀಲಿನ ಎಣ್ಣೆ ಜಗ್ಗೊಂದಿದೆ. ಅದರೊಳಗೆ ಸದಾ ಕಡಲೆಕಾಯಿ ಎಣ್ಣೆ. ಗೌಡಗೆರೆಯ ಸೋದರಮಾವ ತಮ್ಮ ಹೊಲದ ಕಾಯಿ ಬಿಡಿಸಿ, ಗಾಣಕ್ಕೆ ಹಾಕಿಸಿ ಕಳಿಸುವ ಎಣ್ಣೆ ಅದು. ಮುಚ್ಚಳ ತೆಗೆದರೆ ಸಾಕು, ಘಮ ಪಡಸಾಲೆಯವರೆಗೂ ನಡೆದು ಬರುತ್ತದೆ. ಈ ಜಗ್ಗಿಗೂ ಕಾರಿನ ಸೈಲೆನ್ಸರಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಹೋದ ಭಾನುವಾರದವರೆಗೆ ನನಗೂ ಗೊತ್ತಿರಲಿಲ್ಲ.

ಕಾರು ಅಮ್ಮನದು. ಪಾವಗಡ ರಸ್ತೆಯ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಅವಳು ಮೇಡಂ. ತಲೆಯಲ್ಲಿ ನರೆ ಮೂಡಿದ ಮೇಲೆ ಡ್ರೈವಿಂಗ್ ಕಲಿತು, ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಮಿಡಿಗೇಶಿಯಿಂದ ದಿನವೂ ತಾನೇ ಓಡಿಸಿಕೊಂಡು ಹೋಗುತ್ತಾಳೆ. ನಾನಾದರೋ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಮೆಕ್ಯಾನಿಕ್ ಆದವನು. ವೈಪರ್ ಬದಲಿಸಿದ್ದೆ, ಹಾರ್ನ್ ಬದಲಿಸಿದ್ದೆ. ಇನ್ನು ಕಾರಿನ ಕೊರಳನ್ನೇ ಬದಲಿಸುವ ಆಸೆ ಹುಟ್ಟಿತ್ತು.

ನಮ್ಮೂರಿನಲ್ಲಿ ಗಾಡಿಗಳನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಹಾಲಿನ ವ್ಯಾನಿನ ಗೊರಕೆ, ಮಧುಗಿರಿ ಬಸ್ಸಿನ ನಿಟ್ಟುಸಿರು, ಇವೆಲ್ಲ ಕೋಟೆ ಬೆಟ್ಟದ ಬಂಡೆಗೆ ಬಡಿದು ನಮ್ಮ ಅಂಗಳಕ್ಕೇ ವಾಪಸು ಬರುತ್ತವೆ. ಅಮ್ಮನ ಕಾರಿನದು ನೆಗಡಿಯಾದವರು ಮೂಗಿನಲ್ಲೇ ರಾಗ ಎಳೆದಂಥ ಸದ್ದು. ಅವಳ ಶಾಲೆಯ ಮಕ್ಕಳಿಗೆ ಅದು ಮೋರಿಯ ತಿರುವಿನಿಂದಲೇ ಕೇಳುತ್ತಿತ್ತಂತೆ. "ಮೇಡಂ ವಚ್ಚಿನಾರು ರೋ!" ಎಂದು, ಮೇಡಂ ಬಂದರೆಂದು, ಯಾವನೋ ತೆಲುಗಿನಲ್ಲಿ ಕೂಗಿದರೆ ಮುಗಿಯಿತು, ಅಮ್ಮ ಒಳಗೆ ಕಾಲಿಡುವಷ್ಟರಲ್ಲಿ ಅಷ್ಟೂ ಮಂದಿ ಪುಸ್ತಕದೊಳಗೆ ತಲೆ ಹುದುಗಿಸಿದ ಸಾಧುಗಳು.

ಹೊಸ ಸೈಲೆನ್ಸರಿನ ಮಾತೆತ್ತಿದಾಗ ಅಮ್ಮ ಕನ್ನಡಕದ ಮೇಲಿಂದ ನೋಡಿದಳು. "ನೋಡ್ಲಾ ಮಂಜ, ಪುಂಡ್ ಹುಡುಗ್ರ ಬೈಕ್‌ನಂಗೆ ಬಡ್ಕೋಬಾರ್ದು, ಇದೊಂದು. ಸೋಮ್ವಾರ ಬೆಳಿಗ್ಗೆ ನಾನು ಇದೇ ಕಾರಲ್ಲಿ ಸ್ಕೂಲಿಗೋಗ್ಬೇಕು, ಇನ್ನೊಂದು. ಬಸ್ಸಿಗ್ ನಿಲ್ಲಂಗಾದ್ರೆ ನಿನ್ ಟೂಲ್ ಬಾಕ್ಸು ಅಟ್ಟ ಸೇರ್ತದೆ. ಆಮೇಲೆ ನನ್ ಕಾರಿನ ಒಂದ್ ನಟ್ಟೂ ನೀನ್ ಮುಟ್ಟಂಗಿಲ್ಲ."

"ಆಯ್ತು ಕಣಮ್ಮ!" ಎಂದೆ. ಸಂತೋಷದಲ್ಲಿ ಅವಳು ಹೇಳಿದ್ದು ಅರ್ಧವೇ ಕೇಳಿಸಿತ್ತು.

ಸಿರಾದಲ್ಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಯ ಸಾಬರು ನನ್ನ ಮುಖದ ಉತ್ಸಾಹ ನೋಡಿಯೇ ನಕ್ಕರು. "ಇದು ಕೂಗಲ್ಲ ಬೇಟಾ, ಮಾತಾಡ್ತದೆ. ರಬ್ಬರ್‌ಗೆ ಸೋಪ್ ನೀರು ಹಚ್ಚು, ಆರಾಮಾಗಿ ಕೂರ್ತದೆ." ಗೋಣಿಚೀಲ ಸುತ್ತಿದ ಆ ಉದ್ದ ಕೊಳವೆಯನ್ನು ಮಗುವಿನಂತೆ ಅಪ್ಪಿಕೊಂಡು ಬಸ್ಸು ಹತ್ತಿದರೆ ಕಂಡಕ್ಟರು, "ಏನ್ಲಾ ಅದು, ನಾದಸ್ವರನಾ? ಯಾರ್ ಮದ್ವೆ?" ಎಂದ. ಮದುವೆ ನನ್ನದೇ ಎಂಬಷ್ಟು ಹಿಗ್ಗಿದ್ದೆ.

ಭಾನುವಾರ ಬಂತು. ಅಂಗಳದಲ್ಲಿ ಕಾರನ್ನು ಎತ್ತಿ, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅಡಿಗೆ ನುಸುಳಿದೆ. ಗೆಳೆಯರೇ, ದಿನಾ ನೋಡುವ ವಸ್ತುವನ್ನು ಒಮ್ಮೆ ಅಡಿಯಿಂದ ನೋಡಬೇಕು! ಮೇಲೆ ಅಮ್ಮ ಒರೆಸಿ ಹೊಳಪಿಸಿದ ಬಿಳಿ ಬಣ್ಣ. ಕೆಳಗೆ ಅವಳು ಸುತ್ತಿದ ದಾರಿಗಳೆಲ್ಲ ಪದರಪದರವಾಗಿ ಮೆತ್ತಿಕೊಂಡಿವೆ. ಈ ಕೆಂಪು ಗೌಡಗೆರೆಯದು, ತವರಿಗೆ ಹೋದಾಗಿನದು. ಈ ಕಪ್ಪು ಜಿಗುಟು ತೋವಿನಕೆರೆಯ ಚಿಕ್ಕಮ್ಮನ ಮನೆಯ ಮಳೆಗಾಲದ್ದು. ಮುಟ್ಟಿದರೆ ಉದುರುವ ಬೂದು ಧೂಳು ಶಾಲೆಯದು, ಅದೇ ಎಲ್ಲಕ್ಕಿಂತ ದಪ್ಪ. ಅಮ್ಮ ಇಷ್ಟೊಂದು ಓಡಾಡಿದ್ದಾಳೆಂದು ನನಗೆ ತಿಳಿದದ್ದು ಬೆನ್ನು ನೆಲಕ್ಕೆ ಹಚ್ಚಿ ಮಲಗಿದ ಮೇಲೆಯೇ.

ಸೈಲೆನ್ಸರ್ ಎಂಥ ಸಂಭಾವಿತ ವಸ್ತು ನೋಡಿ. ಎಂಜಿನ್ನಿನೊಳಗೆ ಕ್ಷಣಕ್ಷಣಕ್ಕೂ ಸಿಡಿತ, ಬೆಂಕಿ, ರೋಷ. ಅಷ್ಟನ್ನೂ ನುಂಗಿ ಅದು ಜಗತ್ತಿಗೆ ಒಂದು ಗೊಣಗಾಟವನ್ನಷ್ಟೇ ಒಪ್ಪಿಸುತ್ತದೆ. ದಿನವಿಡೀ ತುಂಟರ ನಡುವೆ ಕಳೆದು ಬಂದು "ಸಾರು ಬಿಸಿ ಮಾಡ್ಲಾ?" ಎಂದಷ್ಟೇ ಕೇಳುವ ಅಮ್ಮನ ನೆನಪಾಯಿತು.

ತುಕ್ಕು ಹಿಡಿದ ಬೋಲ್ಟುಗಳು ಅಲ್ಲಾಡಲಿಲ್ಲ. ಸೈಲೆನ್ಸರನ್ನು ಕಾರಿನ ಹೊಟ್ಟೆಗೆ ತೂಗುಹಾಕುವ ರಬ್ಬರ್ ಬಳೆಗಳಂತೂ ಹಟ ಹಿಡಿದು ಕುಳಿತಿದ್ದವು. ಸೋಪು ನೀರು ನೆನಪಾಯಿತು, ನಿಜ. ಆದರೆ ಮನೆಯಲ್ಲಿ ಗಾಣದ ಎಣ್ಣೆ ಇರುವಾಗ ಸೋಪು ನೀರೇಕೆ? ನಮ್ಮಲ್ಲಿ ಬಾಗಿಲು ಕಿರುಗುಟ್ಟಿದರೂ, ಕಾಲು ಉಳುಕಿದರೂ, ತಲೆ ಬಿಸಿಯಾದರೂ ಮದ್ದು ಅದೊಂದೇ. ಜಗ್ಗು ತಂದೆ. ಬೋಲ್ಟಿಗೆ ಹೊಯ್ದೆ, ಬಳೆಗೆ ಸವರಿದೆ, ಹಳೆಯದು ಕಳಚಿಕೊಂಡ ಮೇಲೆ ಕೈಯ ಜಿಡ್ಡಿನಲ್ಲೇ ಹೊಸ ಕೊಳವೆಯನ್ನೂ ಎದೆಗವಚಿಕೊಂಡು ಮೇಲೇರಿಸಿದೆ. ಏನು ಹೇಳಲಿ, ಬೆಣ್ಣೆಯಂತೆ ಕೂತಿತು!

ಕಾರನ್ನು ನೆಲಕ್ಕಿಳಿಸಿ ಕೀಲಿ ತಿರುಗಿಸಿದೆ. ಗುಮ್ಮ್ಮ್... ಆಹಾ, ನೆಗಡಿ ಬಿಟ್ಟಿತ್ತು! ತುಂಬಿದ ಹಂಡೆಯ ಮೇಲೆ ಮೆಲ್ಲಗೆ ಅಂಗೈ ತಟ್ಟಿದಂಥ ಮೃದುವಾದ, ಆಳವಾದ ದನಿ. ಅಂಗಳದಲ್ಲಿ ಕುಣಿದೇಬಿಟ್ಟೆ. ಕುಣಿತ ಮುಗಿಯುವ ಮೊದಲೇ ಕಾರಿನಡಿಯಿಂದ ಬಿಳಿ ಹೊಗೆ ಎದ್ದಿತು. ಓಡಿಹೋಗಿ ಎಂಜಿನ್ ಆರಿಸಿದೆ. ಹೊಗೆಯ ಹಿಂದೆಯೇ ಬಂತು ವಾಸನೆ. ಸುಟ್ಟ ರಬ್ಬರಿನದಲ್ಲ, ವೈರಿನದೂ ಅಲ್ಲ. ಶುದ್ಧ ಬೋಂಡದ ವಾಸನೆ!

ಪಕ್ಕದ ಮನೆಯ ರತ್ನಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. "ಏನ್ ಮೇಡಮ್ಮೋರೇ, ಬೋಂಡ ಬಿಡ್ತಿದೀರಾ? ನಮ್ಗೂ ಒಂದೆಲ್ಡ್ ಕಳ್ಸಿ."

ಅಮ್ಮ ಹೊರಗೆ ಬಂದಳು. "ಒಲೇನೇ ಹಚ್ಚಿಲ್ಲ ಕಣಮ್ಮ..." ಎನ್ನುತ್ತಿದ್ದವಳ ಕಣ್ಣು ಕಾರಿನ ಪಕ್ಕದಲ್ಲಿದ್ದ ಜಗ್ಗಿನ ಮೇಲೆ ಬಿತ್ತು. ತಿರುಗಿ ಮನೆಯೊಳಗಿನ ಅಟ್ಟದ ಕಡೆ ನೋಡಿದಳು, ಅಷ್ಟೇ.

ಕೊಳವೆ ಆರಿದ ಮೇಲೆ ಬಕೆಟ್ಟು, ಸೋಪು ನೀರು, ಹಳೆಯ ಬಟ್ಟೆ. ಸಾಬರ ಮಾತಿಗೆ ಕೊನೆಗೂ ಮರ್ಯಾದೆ ಸಿಕ್ಕಿತು. ಎಲ್ಲವನ್ನೂ ಉಜ್ಜಿ, ರಬ್ಬರ್ ಬಳೆಗಳ ಜಿಡ್ಡು ಬಿಡಿಸಿ, ಮತ್ತೆ ಸ್ಟಾರ್ಟ್ ಮಾಡಿದೆ. ಹೊಗೆ ಸೋರಲಿಲ್ಲ, ನಟ್ಟು ನಡುಗಲಿಲ್ಲ. ವಾಸನೆ ಮಾತ್ರ ನಂಟರಂತೆ ಉಳಿದುಕೊಂಡಿತು.

ಸೋಮವಾರ ಅಮ್ಮ ಕಾರು ಹತ್ತಿ ಹೋದಳು. ಸಂಜೆ ನಾನು ರಸ್ತೆಗೆ ಬೆನ್ನು ಮಾಡಿ ಗೇಟಿಗೆ ಒರಗಿ, ಬೆಟ್ಟದ ಕಡೆ ಕಿವಿ ಕೊಟ್ಟು ನಿಂತೆ. ದಾರಿಯಲ್ಲಿ ಬಳೆ ಕಳಚಿಕೊಂಡಿದ್ದರೆ? ಅಮ್ಮ ಬಸ್ಸಿನಲ್ಲಿ ಬಂದರೆ? ಆ ಮೂಗಿನ ರಾಗ ಕೇಳುತ್ತಲೇ ಇಲ್ಲ. ಕಾದು ಕಾದು ನಿರಾಸೆಯಿಂದ ತಿರುಗಿದರೆ ಕಾರು ನನ್ನ ಬೆನ್ನ ಹಿಂದೆಯೇ ನಿಂತಿದೆ! ನಾನೇ ಬದಲಿಸಿದ ದನಿ ನನಗೇ ಗುರುತು ಸಿಕ್ಕಿರಲಿಲ್ಲ.

ಅಮ್ಮ ಇಳಿದು ಬಾಗಿಲಿಗೆ ಒರಗಿ ನಿಂತಳು; ತುಟಿ ಬಿಗಿದಿದ್ದರೂ ಕೆನ್ನೆ ಅದುರುತ್ತಿತ್ತು. "ಇವತ್ತು ನಾನ್ ಬಂದಿದ್ದು ಒಬ್ರಿಗೂ ಗೊತ್ತಾಗ್ಲಿಲ್ಲ ಕಣ್ಲಾ. ಕಿಟಕೀಲಿ ನೋಡಿದ್ರೆ ಒಂದ್ ಹುಡ್ಗಿ ನನ್ ಕುರ್ಚಿ ಮುಂದೆ ನಿಂತವ್ಳೆ, ಪೇಪರ್ ಕನ್ನಡ್ಕ ಹಾಕ್ಕೊಂಡು ಥೇಟ್ ನನ್ನಂಗೇ ಪಾಠ ಮಾಡ್ತಾವ್ಳೆ. ನಾನು ಅಷ್ಟೊಂದು ಮೂಗಲ್ಲಿ ಮಾತಾಡ್ತೀನೇನ್ಲಾ?"

"ಅದು ಹಳೇ ಸೈಲೆನ್ಸರ್ ಕಣಮ್ಮ," ಎಂದೆ. ತಡೆದಿಟ್ಟಿದ್ದ ನಗು ಅವಳಿಂದ ಸಿಡಿಯಿತು. ಆ ನಗುವಿಗೆ ಯಾವ ಸೈಲೆನ್ಸರೂ ಇರಲಿಲ್ಲ.

ನಗುತ್ತಲೇ ಒಳಗೆ ಹೋದವಳು ಖಾಲಿಯಾದ ಉಪ್ಪಿನಕಾಯಿ ಬಾಟಲಿಯಲ್ಲಿ ಎಣ್ಣೆ ತುಂಬಿಕೊಂಡು ಬಂದಳು. ಜಗುಲಿಯ ಮೇಲೆ, ನನ್ನ ಟೂಲ್ ಬಾಕ್ಸಿನ ಪಕ್ಕದಲ್ಲಿ ಅದನ್ನಿಟ್ಟಳು.

"ಅಡುಗೆಮನೆ ಜಗ್ಗು ಮುಟ್ಬುಟ್ಟೀಯಾ ಮತ್ತೆ! ಇದು ನಿಂದು. ಬಿಸಿ ಆಗೋ ಕಡೆ ಬ್ಯಾಡ." ಒಳಗೆ ಹೋಗುತ್ತಾ ಬಾಗಿಲಲ್ಲಿ ನಿಂತು ತಿರುಗಿದಳು. "ಹಿಂದಿನ್ ಡೋರು ಕಿರ್ ಅಂತದೆ. ಅದೊಂದಿಷ್ಟು ನೋಡು."

ಬಾಟಲಿಯ ಮುಚ್ಚಳ ತೆಗೆದೆ. ಘಮ ಮೆಲ್ಲಗೆ ಅಂಗಳಕ್ಕಿಳಿದು ಕಾರಿನವರೆಗೂ ನಡೆದು ಹೋಯಿತು.