ಕಸ ನೋಡಿ ಸಿನಿಮಾ ತೂಗುವ ಜಡ್ಜಮ್ಮ

ಭಾನುವಾರ, ಬೆಳಗಿನ ಐದೂಕಾಲು. ಚಿತ್ರಮಂದಿರದ ಒಳಗೆ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಹದಿನಾಲ್ಕನೆಯ ಸಾಲಿನಲ್ಲಿ ಮಂಡಿಯೂರಿದ ಐವತ್ತೊಂದರ ಹೆಂಗಸೊಬ್ಬರು ಕುರ್ಚಿಯ ಕೆಳಗೆ ಟಾರ್ಚು ಹಾಯಿಸಿ ಪಾಪ್‌ಕಾರ್ನ್ ಡಬ್ಬವೊಂದನ್ನು ಎಳೆದುಕೊಳ್ಳುತ್ತಾರೆ. ಚೀಲಕ್ಕೆ ಹಾಕುವ ಮೊದಲು ಒಳಗೆ ಇಣುಕುತ್ತಾರೆ. ಪೂರ್ತಿ ಖಾಲಿ. ಪಕ್ಕದಲ್ಲೇ ಟಿಕೆಟೊಂದು ಚೂರುಚೂರಾಗಿ ಬಿದ್ದಿದೆ.

"ಡಬ್ಬ ತಳ ಕಂಡಿದೆ, ಟಿಕೆಟು ಚೂರಾಗಿದೆ. ಬಾಯಿಗೂ ಕೆಲಸ ಇತ್ತು, ಕೈಗೂ ಕೆಲಸ ಇತ್ತು. ಕಣ್ಣಿಗೆ ಮಾತ್ರ ಇರಲಿಲ್ಲ" ಎಂದು ನಿನ್ನೆಯ ಸಿನಿಮಾಕ್ಕೆ ತೀರ್ಪು ಕೊಟ್ಟು ಮುಂದಿನ ಕುರ್ಚಿಗೆ ಸರಿಯುತ್ತಾರೆ. ಇಲ್ಲಿ ಎಲ್ಲರೂ ಅವರನ್ನು ಜಡ್ಜಮ್ಮ ಎನ್ನುವುದು ಸುಮ್ಮನೆ ಅಲ್ಲ.

ಇವತ್ತು ತೀರ್ಪು ಹೊರಬೀಳಬೇಕಿರುವುದು ಅವರ ಮಾತಿನ ಮೇಲೆಯೇ. 'ಬೂದುರೆಕ್ಕೆ' ಎಂಬ ಹಾರುವ ವೀರನ ಸರಣಿಯಲ್ಲಿ ಆರು ಸಿನಿಮಾ ಬಂದಿವೆ, ಏಳನೆಯದು ಬರಲಿದೆ. ಅದನ್ನು ಈ ಹಳೆಯ ಮಂದಿರಕ್ಕೆ ಕೊಡಲು ವಿತರಕರು ಹಾಕಿರುವ ಷರತ್ತು ಒಂದೇ: ಹಳೆಯ ಆರರಲ್ಲಿ ಯಾವುದಾದರೂ ಒಂದನ್ನು ಒಂದು ಬೆಳಗ್ಗೆ ಮತ್ತೆ ಹಾಕಿ, ಮುಕ್ಕಾಲು ಮಂದಿರ ತುಂಬಿಸಿ ತೋರಿಸಬೇಕು. ನಾನೂರ ಹನ್ನೆರಡು ಕುರ್ಚಿಯಲ್ಲಿ ಮುನ್ನೂರ ಒಂಬತ್ತು. ತುಂಬದಿದ್ದರೆ ಏಳನೆಯದು ಇಲ್ಲ. ಏಳನೆಯದು ಇಲ್ಲದಿದ್ದರೆ ಮಂದಿರವನ್ನು ಗೋದಾಮಿಗೆ ಕೊಡುವುದಾಗಿ ಒಡತಿ ಹೇಳಿಬಿಟ್ಟಿದ್ದಾರೆ. ಒಂಬತ್ತು ಜನರ ಕೆಲಸ ಹೋಗುತ್ತದೆ. ಪ್ರದರ್ಶನ ಹತ್ತು ಗಂಟೆಗೆ.

ಹಾಕಿರುವುದು ಐದನೆಯ ಭಾಗ. ಆರರಲ್ಲಿ ಅತಿ ಕಡಿಮೆ ಓಡಿದ್ದು ಅದೇ. ವಿಮರ್ಶಕರೆಲ್ಲ ಮೂಗು ಮುರಿದಿದ್ದರು. ಮುಚ್ಚುಮರೆ ಯಾಕೆ, ಇದೇ ಪುರವಣಿಯಲ್ಲಿ ಅದಕ್ಕೆ ಒಂದೂವರೆ ನಕ್ಷತ್ರ ಕೊಟ್ಟವನು ನಾನೇ.

ಜಡ್ಜಮ್ಮ ಇಲ್ಲಿಗೆ ಬಂದು ಇಪ್ಪತ್ಮೂರು ವರ್ಷ. ಗುಡಿಸುವ ಕೆಲಸದಲ್ಲಿದ್ದ ಅತ್ತೆ ಕೈ ಮುರಿದುಕೊಂಡಾಗ ಮೂರು ವಾರದ ಮಟ್ಟಿಗೆ ಎಂದು ಬಂದವರು. ಆ ಮೂರು ವಾರ ಇನ್ನೂ ಮುಗಿದಿಲ್ಲ ಎಂದು ಅವರೇ ನಗುತ್ತಾರೆ. ದಿನಕ್ಕೆ ನಾಲ್ಕು ಆಟ. ಆಟದಿಂದ ಆಟಕ್ಕೆ ಸಿಗುವುದು ಇಪ್ಪತ್ತು ನಿಮಿಷ. ಭಾನುವಾರ ಹನ್ನೊಂದು ಚೀಲ ಕಸ ಹೊರಬೀಳುತ್ತದೆ. ಬಗ್ಗಿ ಬಗ್ಗಿ ಸೊಂಟ ಹೋಗಿದೆ, ದೂಳಿಗೆ ಕೆಮ್ಮು ಅಂಟಿಕೊಂಡಿದೆ. ಒಮ್ಮೆ ಒಡತಿ ಗುಡಿಸುವ ಯಂತ್ರ ತರಿಸಿದ್ದರಂತೆ. ಅದು ಮೂರನೆಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತು. ಬಿಡಿಸಲು ನಾಲ್ಕು ಜನ ಬೇಕಾದರು.

ಪ್ರತಿ ಆಟದ ಕೊನೆಯ ಹತ್ತು ನಿಮಿಷ ಹೊರಬಾಗಿಲ ಬಳಿ ನಿಲ್ಲುವುದೂ ಅವರ ಪಾಲಿನ ಕೆಲಸ. ಹಾಗಾಗಿ ಆರೂ ಸಿನಿಮಾಗಳ ಕೊನೆಯನ್ನು ನೂರಾರು ಸಲ ನೋಡಿದ್ದಾರೆ, ಒಂದರ ಮೊದಲನ್ನೂ ನೋಡಿಲ್ಲ. ಉಳಿದದ್ದನ್ನು ನೆಲ ಹೇಳುತ್ತದೆ.

ಆಚೆ ತುದಿಯಿಂದ ಗುಡಿಸುತ್ತ ಬರುವವರು ಅವರ ತಂಗಿ. ಅಕ್ಕ ತಂಗಿಯರ ಪೊರಕೆಗಳು ನಡುವೆ ಸೇರುವ ಹೊತ್ತಿಗೆ ಜಗಳವೂ ಶುರುವಾಗಿರುತ್ತದೆ. ತಂಗಿಯ ಓಟು ಮೊದಲನೆಯ ಭಾಗಕ್ಕೆ. ಅವನು ಹಾರಲು ಕಲಿಯುವುದು ಅದರಲ್ಲೇ, ಮಕ್ಕಳೆಲ್ಲ ಕುರ್ಚಿ ಹತ್ತಿ ನಿಂತಿದ್ದರು, ಕೂರುವ ಜಾಗದ ತುಂಬ ಪುಟ್ಟ ಬೂಟಿನ ಗುರುತು. ಅಕ್ಕ ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡವರ ಸಾಲುಗಳಲ್ಲಿ ಬರೀ ಖಾಲಿ ಡಬ್ಬ, ಖಳನಾಯಕನಲ್ಲಿ ಉಪ್ಪಿಲ್ಲ ಹುಳಿಯಿಲ್ಲ ಎನ್ನುತ್ತಾರೆ. ಎರಡನೆಯದರ ಖಳನಾಯಕ ಗಟ್ಟಿ ಕುಳ. ಅವನು ಬಂದಾಗ ಬೆಚ್ಚಿದವರು ಚೆಲ್ಲಿದ ಪಾಪ್‌ಕಾರ್ನ್ ಸಾಲಿಗೊಂದು ರಾಶಿ. ಮೂರನೆಯದರಲ್ಲಿ ಹೊಡೆದಾಟದ ಮೇಲೆ ಹೊಡೆದಾಟ. ಜನ ಜಾರಿ ಮಲಗಿ ಕುರ್ಚಿಯ ಬೆನ್ನಿನ ನಡುವಿಗೇ ತಲೆಯೆಣ್ಣೆ ಹತ್ತಿತ್ತು. ಅದನ್ನು ಒರೆಸಿದ ಸಿಟ್ಟು ತಂಗಿಗೆ ಇನ್ನೂ ಇಳಿದಿಲ್ಲ. ಆರನೆಯದರಲ್ಲಿ ಹಳೆಯದನ್ನೇ ಕಲಸಿ ಬಡಿಸಿದ್ದಾರೆ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ನಾಲ್ಕನೆಯದರ ಸುದ್ದಿ ಎತ್ತಿದರೆ ಜಡ್ಜಮ್ಮ ಪೊರಕೆಯ ಕಡೆ ನೋಡುತ್ತಾರೆ. ಮೊದಲ ವಾರ ನೆಲ ಕನ್ನಡಿಯಂತೆ ಚೊಕ್ಕಟವಿತ್ತು. ಜನ ತಿನ್ನುವುದನ್ನೇ ಮರೆತು ಅತ್ತಿದ್ದಾರೆ, ಇನ್ನೊಂದು ವಾರ ಹಾಕಿ ಎಂದು ಮ್ಯಾನೇಜರಿಗೆ ಹೇಳಿದರು. ಅವರೂ ನಂಬಿ ಹಾಕಿದರು, ಮಂದಿರ ಬಿಕೋ ಎಂದಿತು. ಆಮೇಲೆ ನೋಡಿದರೆ ಆ ವಾರ ಪಾಪ್‌ಕಾರ್ನ್ ಮೆಷಿನ್ನೇ ಕೆಟ್ಟಿತ್ತು. ತಿನ್ನಲು ಏನೂ ಇರಲಿಲ್ಲ. ಅಂದಿನಿಂದ ಬೆಳಗ್ಗೆ ಕಾಲಿಟ್ಟ ಕೂಡಲೇ ಅವರು ಕೇಳುವ ಮೊದಲ ಪ್ರಶ್ನೆ, ಮೆಷಿನ್ನು ಸರಿಯಿದೆಯಾ ಎಂದು.

ಇಷ್ಟಾದ ಮೇಲೂ ಐದನೆಯದನ್ನು ಹಾಕಿ ಎಂದು ಕೇಳಲು ಎಂಟೆದೆ ಬೇಕು. ಮ್ಯಾನೇಜರು ಎರಡನೆಯದರ ಪೋಸ್ಟರನ್ನು ಆಗಲೇ ತೆಗೆದಿಟ್ಟಿದ್ದರು. ಹಿತ್ತಲ ಗಿಡ ಮದ್ದಲ್ಲ ನೋಡಿ, ನಗರದ ವಿಮರ್ಶಕರು ಹೊಗಳಿದ್ದೇ ಮದ್ದು. ಜಡ್ಜಮ್ಮ ಅವರ ಮೇಜಿನ ಮೇಲೆ ತಮ್ಮ ನೋಟುಪುಸ್ತಕ ಇಟ್ಟರು. ಯಾವ ಆಟ, ಯಾವ ಕುರ್ಚಿ, ಯಾರು ಏನು ಮರೆತುಹೋದರು ಎಂಬ ದಾಖಲೆ ಅದು. ತುಂಬಿ ತುಳುಕಿದ ಎರಡನೆಯದರಲ್ಲಿ ಜನ ಮರೆತದ್ದು ಹತ್ತೊಂಬತ್ತು ವಸ್ತು. ಅದರ ಕಾಲುಭಾಗ ಜನವೂ ಬಾರದ ಐದನೆಯದರಲ್ಲಿ ಇಪ್ಪತ್ತೇಳು: ಕೊಡೆ, ಕನ್ನಡಕ, ಊಟದ ಡಬ್ಬಿ, ಎಡಗಾಲಿನ ಚಪ್ಪಲಿ ಒಂದು.

"ಸಾರ್, ನಾಲ್ಕನೇದರಲ್ಲಿ ನಾನು ಎಡವಿದ್ದು ನಿಜ" ಎಂದರಂತೆ ಅವರು. "ಅವತ್ತು ಕಸ ಇಲ್ಲದ್ದು ನೋಡಿ ಹೇಳಿದ್ದೆ. ಇದು ಹಾಗಲ್ಲ, ಜನ ಮೈಮರೆತು ಬಿಟ್ಟುಹೋಗಿದ್ದು ಕಣ್ಣೆದುರಿಗಿದೆ. ಎರಡನೇದು ಜೋರು, ಆದ್ರೆ ಒಂದೇ ಸಲದ ಜೋರು. ಖಳ ಎಲ್ಲಿಂದ ಬರ್ತಾನೆ ಅಂತ ಗೊತ್ತಾದ ಮೇಲೆ ಯಾರು ಬೆಚ್ತಾರೆ? ಎರಡನೇ ಸಲ ಬಂದವರು ಒಂದು ಕಾಳೂ ಚೆಲ್ಲಿಲ್ಲ. ಐದನೇದಕ್ಕೆ ಎರಡನೇ ಸಲ ಬಂದವರೂ ಡಬ್ಬ ಅರ್ಧ ಬಿಟ್ಟೇ ಹೋಗಿದ್ದಾರೆ."

ಆ ಭಾಗದ ದೌರ್ಬಲ್ಯ ಅವರಿಗೆ ಗೊತ್ತಿಲ್ಲದ್ದೇನಲ್ಲ. ಇಂಟರ್‌ವಲ್‌ಗೆ ಮೊದಲು ಎಳೆತ, ಮುಂದಿನ ಸಾಲುಗಳಲ್ಲಿ ಟಿಕೆಟಿನ ಚೂರು ಬಿದ್ದಿದ್ದವು. ಮಕ್ಕಳಿಗೆ ಹಿಡಿಸುವುದಿಲ್ಲ. ರೆಕ್ಕೆ ಕಳೆದುಕೊಂಡ ವೀರ ಸಿನಿಮಾ ಪೂರ್ತಿ ನಡೆಯುತ್ತಲೇ ಇರುತ್ತಾನೆ. ಆದರೆ ಮರೆತದ್ದನ್ನು ಒಯ್ಯಲು ಬಂದ ಇಪ್ಪತ್ತೇಳು ಜನರಲ್ಲಿ ಹದಿನೇಳು ಜನ, ಇದನ್ನು ಮತ್ತೆ ಯಾವಾಗ ಹಾಕುತ್ತೀರಿ ಎಂದು ಕೇಳಿದ್ದರು. ಎರಡನೆಯದಕ್ಕೆ ಹಾಗೆ ಕೇಳಿದವರು ಒಬ್ಬರೂ ಇಲ್ಲ. ಮ್ಯಾನೇಜರು ಒಂದು ರಾತ್ರಿ ಯೋಚಿಸಿ ಪೋಸ್ಟರು ಬದಲಿಸಿದರು.

ಒಂಬತ್ತೂವರೆ. ಕೌಂಟರಿನ ಮುಂದೆ ನೂರು ಜನವೂ ಇಲ್ಲ. ಮ್ಯಾನೇಜರು ಉಗುರು ಕಚ್ಚುತ್ತಿದ್ದಾರೆ. ಜಡ್ಜಮ್ಮ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದಾರೆ. ನಾನು ತಪ್ಪಿದರೆ ನನ್ನ ಕೆಲಸ ಹೋಗಲಿ, ಉಳಿದ ಎಂಟು ಜನ ಏನು ಮಾಡಿದ್ದರು ಎಂದು ಅವರು ತಂಗಿಯ ಬಳಿ ಅಂದದ್ದು ನನ್ನ ಕಿವಿಗೂ ಬೀಳುತ್ತದೆ. ದಿನಾ ಮೊದಲನೆಯದರ ಪರ ವಾದಿಸುವ ಆ ತಂಗಿಯೇ ಈಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಎಣಿಸುತ್ತಿದ್ದಾರೆ.

ಹತ್ತಕ್ಕೆ ಇನ್ನೂರ ಅರವತ್ತೆಂಟು. ಮ್ಯಾನೇಜರು ಜಾಹೀರಾತುಗಳನ್ನು ಎರಡೆರಡು ಸಲ ಹಾಕಿಸುತ್ತಾರೆ. ಆ ಹೊತ್ತಿನಲ್ಲೇ ಬಸ್ಸೊಂದು ಬಂದು ನಿಲ್ಲುತ್ತದೆ. ಇಳಿದವರಲ್ಲಿ ಹೆಚ್ಚಿನವರು ನಡುವಯಸ್ಸಿನವರು, ಹಿಂದೆ ಇದನ್ನು ನೋಡಿದ್ದ ಕೆಲವರು ತಮ್ಮ ತಾಯಿಯನ್ನೋ ಸ್ನೇಹಿತರನ್ನೋ ಜೊತೆಗೆ ಕರೆತಂದಿದ್ದಾರೆ. ಹತ್ತೂ ಇಪ್ಪತ್ತಕ್ಕೆ ತಂಗಿ ಒಳಗೆ ಬಂದು ಅಕ್ಕನ ಭುಜ ಹಿಡಿದು, "ಮುನ್ನೂರ ಇಪ್ಪತ್ತಾರು, ಅಕ್ಕ" ಎನ್ನುತ್ತಾರೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ನಾನೂ ಒಳಗೆ ಹೋಗಿ ಕೂರುತ್ತೇನೆ. ಕೊನೆಯ ಹತ್ತು ನಿಮಿಷ ಹಾರಲಾಗದ ಆ ವೀರ ಒಬ್ಬ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ನಲವತ್ತು ಮಹಡಿ ಮೆಟ್ಟಿಲು ಇಳಿಯುತ್ತಾನೆ. ಬರೀ ಮೆಟ್ಟಿಲು, ಬರೀ ಉಸಿರು. ಕಳೆದ ಸಲ ಇಲ್ಲಿ ನಾನು ಗಡಿಯಾರ ನೋಡಿದ್ದೆ. ಈ ಸಲ ಹೊರಬಾಗಿಲು ತೆರೆದು ಬೆಳಕು ಒಳಗೆ ಬಂದರೂ ಯಾರೂ ಏಳುವುದಿಲ್ಲ, ನಾನೂ ಎದ್ದಿಲ್ಲ. ಆ ಒಂದೂವರೆ ನಕ್ಷತ್ರಕ್ಕೆ ನನಗೆ ನಾಚಿಕೆಯಾಗುತ್ತದೆ.

ಮಂದಿರ ಖಾಲಿಯಾದ ಮೇಲೆ ಮ್ಯಾನೇಜರು ಫೋನು ಹಿಡಿದುಕೊಂಡೇ ಓಡಿ ಬರುತ್ತಾರೆ. ವಿತರಕರು ಒಪ್ಪಿದ್ದಾರೆ, ಏಳನೆಯದು ಬರುತ್ತದೆ, ಗೋದಾಮಿನ ಮಾತನ್ನು ಒಡತಿ ಕೈಬಿಟ್ಟಿದ್ದಾರೆ. ಮೊದಲ ದಿನ ಮೊದಲ ಆಟಕ್ಕೆ ಜಡ್ಜಮ್ಮನಿಗೆ ನಡುಸಾಲಿನಲ್ಲಿ ಕುರ್ಚಿ ಕಾದಿರಿಸುತ್ತಾರಂತೆ.

ಅಷ್ಟರಲ್ಲಿ ಪೊರಕೆ ಹಿಡಿದು ಮೊದಲ ಸಾಲಿಗೆ ಬಗ್ಗಿದ್ದ ಜಡ್ಜಮ್ಮ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಲ್ಲುತ್ತಾರೆ. ಕುರ್ಚಿ ಬೇಡ ಎನ್ನುತ್ತಾರೆ. ಏಳನೆಯದು ಚೆನ್ನಾಗಿರಬಹುದೇ ಎಂದು ನಾನು ಕೇಳುತ್ತೇನೆ.

"ಹೇಗಾದ್ರೂ ಇರಲಿ ಸಾರ್" ಎನ್ನುತ್ತಾರೆ. "ಗುಡಿಸೋಕೆ ಕಸ ಬೀಳ್ತಾ ಇರಲಿ. ನನಗೆ ಅಷ್ಟು ಸಾಕು."