ಹೀರಾನ ಹಸಿ ಕಡಲೆ

ಹಸಿ ಕಡಲೆಯ ಗಿಡ ಹಿಡಿದಾಗ ಬೆರಳಿಗೆ ಹತ್ತುವ ಹುಳಿ, ಅದರ ಜೊತೆಗೇ ಏಳುವ ಹಸಿರು ವಾಸನೆ ನನ್ನನ್ನು ಈಗಲೂ ನಿಲಂಗಾದ ನಮ್ಮ ವಾಡೆಗೆ ಕರೆದೊಯ್ಯುತ್ತದೆ. ನಿಜಾಮರ ರಾಜ್ಯದ ಕಾಲ ಅದು. ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಅಪ್ಪ, ಕಾಕಾ ಅಲ್ಲಿಗೆ ಹೋದಮೇಲೆ ಮನೆ ಹೆಂಗಸರದು, ಸಣ್ಣ ಹುಡುಗಿಯಾಗಿದ್ದ ನನ್ನದು ಮತ್ತು ಮುತ್ಯಾನದು. ಮುತ್ಯಾ ಎಂದರೆ ಅಪ್ಪನ ಅಪ್ಪ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಪಡಸಾಲೆಯ ಗಾದಿಗೆ ಒರಗಿದರೆ ಊಟಕ್ಕೇ ಏಳುತ್ತಿದ್ದರು. ಸಿಹಿಯೆಂದರೆ ಪ್ರಾಣ. ಕಾಲು ಬಾತಿದ್ದವು, ಅಂಗಳ ದಾಟುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಸಿಹಿ ಬಿಡಬೇಕೆಂದು ವೈದ್ಯರು ಹೇಳಿದ್ದನ್ನು ಅವರು ಬಹಳ ಮರ್ಯಾದೆಯಿಂದ ಕೇಳಿ, ಅಷ್ಟೇ ಮರ್ಯಾದೆಯಿಂದ ಮರೆತುಬಿಟ್ಟಿದ್ದರು.

ಓಣಿಯ ತುದಿಗೆ ಕಚೇರಿಯ ಗುಮಾಸ್ತರೊಬ್ಬರ ಮನೆಯಿತ್ತು. ಅವರ ಹೆಂಡತಿಯನ್ನು ನಾವೆಲ್ಲ ಖಾಲಾ ಎನ್ನುತ್ತಿದ್ದೆವು. ಗಂಡನಿಗೆ ಹೈದರಾಬಾದಿಗೆ ಬದಲಿಯಾದಾಗ ಅವರು ತಮ್ಮ ಗಿಣಿಯನ್ನು ಪಂಜರದ ಸಮೇತ ತಂದು ನನ್ನ ಅಜ್ಜಿಯ ಮುಂದೆ ಇಟ್ಟರು. ಅಜ್ಜಿಯನ್ನು ಊರೆಲ್ಲ ಆಯಿ ಎಂದೇ ಕರೆಯುತ್ತಿತ್ತು. "ಇದರ ಹೆಸರು ಹೀರಾ, ಆಯಿ. ಜಿಲೇಬಿ, ಹಾಲು-ಸಕ್ಕರಿ ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ. ನನ್ನ ಮುದ್ದಿನ ಲಾಡ್ಲಾ ಅದ," ಎನ್ನುತ್ತ ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಹೋದಮೇಲೆ ಆಯಿ ಪಂಜರದ ಬಾಗಿಲು ತೆಗೆದು ಗಿಣಿಯನ್ನು ಕೈಮೇಲೆ ಕೂರಿಸಿಕೊಂಡು ಎಲ್ಲ ಮಗ್ಗಲಿನಿಂದ ನೋಡಿದರು. ಹೊಟ್ಟೆ ಜೋತುಬಿದ್ದಿತ್ತು. ಎದೆಯ ಪುಕ್ಕ ಉದುರಿ ಚರ್ಮ ಕಾಣುತ್ತಿತ್ತು. ಕೆಳಗೆ ಬಿಟ್ಟರೆ ಹಾರಲಿಲ್ಲ, ಬಾತುಕೋಳಿಯ ಹಾಗೆ ಎರಡು ಹೆಜ್ಜೆ ಇಟ್ಟು ಕೂತುಬಿಟ್ಟಿತು. "ಇದಕ್ಕ ಲಾಡ ಮಾಡಿ ಮಾಡಿ ಜಡ್ಡು ಹಚ್ಯಾರ," ಎಂದರು ಆಯಿ. ಹೇಳುವಾಗ ಅವರ ಕಣ್ಣು ಗಾದಿಯ ಕಡೆಗೂ ಒಮ್ಮೆ ಹೋಗಿ ಬಂತು.

ಮರುದಿನದಿಂದ ಪಂಜರದ ಬಟ್ಟಲಿಗೆ ಪೇರಲ ಹಣ್ಣಿನ ಹೋಳು, ನೆನೆಸಿದ ಹೆಸರುಕಾಳು, ಹಸಿ ಮೆಣಸಿನಕಾಯಿ, ಎಳೆಯ ಜೋಳದ ತೆನೆ ಬಂದವು. ಹೀರಾ ಒಂದೊಂದನ್ನೇ ಕೊಕ್ಕಿನಲ್ಲಿ ಹಿಡಿದು, ಕಂಬಿಗಳ ನಡುವಿನಿಂದ ಹೊರಗೆ ಒಗೆಯಿತು. ಬಟ್ಟಲು ಖಾಲಿಯಾದಮೇಲೆ ಖಾಲಾ ಕಲಿಸಿದ ಉರ್ದುವಿನಲ್ಲಿ "ಖಾನಾ ಲಾವ್" ಎಂದು, ಊಟ ತರಲು ಹುಕುಂ ಮಾಡಿತು. ನಾವು ನಕ್ಕು ನಕ್ಕು ಸುಸ್ತಾದೆವು. ಆದರೆ ಮುಂದಿನ ದಿನವೂ ಅದು ಏನೂ ತಿನ್ನಲಿಲ್ಲ. ಸಂಜೆಯ ಹೊತ್ತಿಗೆ ಮಾತು ನಿಲ್ಲಿಸಿ, ಕತ್ತು ಒಳಗೆಳೆದುಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತು. ಸತ್ತುಹೋಗುತ್ತದೆಂದು ನಾನು ಅತ್ತೆ. ಆಯಿ ಹಾಲು ಕುಡಿಸಲು ನೋಡಿದರು. ಅದಕ್ಕೂ ಕೊಕ್ಕು ತೆರೆಯಲಿಲ್ಲ.

ಆಮೇಲೆ ಆಯಿ ಒಳಗೆ ದೀಪ ಹಚ್ಚಲು ಹೋದಾಗ ಮುತ್ಯಾ ದಿಂಬಿನ ಕೆಳಗಿನಿಂದ ಒಂದು ಬೂಂದಿ ಉಂಡಿ ತೆಗೆದರು. ಅರ್ಧ ತಾವು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಪಂಜರದ ಹತ್ತಿರ ಒಯ್ದರು. ಅವರ ದವಡೆ ಆಡುವುದನ್ನೇ ನೋಡುತ್ತಿದ್ದ ಹೀರಾ ಮೆಲ್ಲಗೆ ಮುಂದೆ ಬಂದು ತಿನ್ನತೊಡಗಿತು. ಆಯಿ ಹಿಂದೆ ಬಂದು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಬೈಗುಳ ಸುರಿಯುತ್ತದೆಂದು ನಾನು ಕಾದೆ. ಆಯಿ ಬೈಯಲಿಲ್ಲ.

"ಅದು ನಿಮ್ಮ ಬಾಯಿ ನೋಡಿ ತಿಂತದ್ರೀ," ಎಂದರು. "ನಾಳಿಂದ ನೀವು ಕಡ್ಲಿ ತಿನ್ರಿ."

"ನಾ ಯಾಕ? ಜಡ್ಡು ಗಿಣಿಗದಲಾ?"

"ನೀವು ತಿಂದ್ರ ಅದು ಬದಕ್ತದ. ಇಲ್ಲಂದ್ರ ನಿಮ್ಮ ಮರ್ಜಿ."

ಮುತ್ಯಾ ಹೀರಾನ ಕಡೆ ನೋಡಿದರು. ಹೀರಾ ಅವರ ಬೆರಳನ್ನು ಹಿಡಿದುಕೊಂಡಿತ್ತು. ಅಲ್ಲಿಗೆ ಅವರ ವಾದ ಮುಗಿಯಿತು.

ಆಯಿಯದೊಂದು ಉಪಾಯವಿತ್ತು. ಔರಾದದ ಕಡೆಯ ಹೊಲದಿಂದ ಬಂದ ಹಸಿ ಕಡಲೆಯ ಹೊರೆ ಬಿಚ್ಚಿ, ಕಾಯಿಯ ತುದಿ ಸೀಳಿ, ಕಾಳು ತೆಗೆದು, ಒಳಗೆ ಒಂದೊಂದೇ ಬೂಂದಿ ಸೇರಿಸಿ ಮುಚ್ಚುವುದು. ಬಿಸಿಲು ಬೀಳುವ ಪಡಸಾಲೆಯಲ್ಲಿ ಅವ್ವ, ಕಾಕಿ, ನಾನು ಸುತ್ತ ಕೂತು ಆ ಕೆಲಸ ಮಾಡುತ್ತಿದ್ದೆವು. ಹೀರಾ ಕಾಯಿ ಒಡೆಯುವುದನ್ನು ಹೀಗೆ ಕಲಿಯಿತು. ಮೊದಮೊದಲು ಎಲ್ಲ ಕಾಯಿಗಳಲ್ಲೂ ಬೂಂದಿ ಇರುತ್ತಿತ್ತು, ಬರಬರುತ್ತ ನಡುನಡುವೆ ಬರೀ ಕಾಳು. ಎದುರಿಗೆ ಕೂತ ಮುತ್ಯಾನಿಗೆ ಮಾತ್ರ ಮೊದಲಿನಿಂದಲೂ ಬರೀ ಕಾಳೇ. ಇದ್ದ ನಾಲ್ಕಾರು ಹಲ್ಲುಗಳಿಂದ ಪೇರಲವನ್ನೂ ಕಚ್ಚುತ್ತಿದ್ದರು. ಒಂದು ಮಧ್ಯಾಹ್ನ ಹೀರಾ ಕಾಯಿ ಒಡೆದು, ಹಸಿರು ಕಾಳನ್ನು ನಾಲಿಗೆಯ ಮೇಲೆ ಹೊರಳಿಸಿ, ಒಗೆಯದೆ ನುಂಗಿತು. ಇನ್ನೊಂದನ್ನು ತಾನೇ ಎತ್ತಿಕೊಂಡಿತು. ಅವ್ವ ನನ್ನ ತೊಡೆ ಹಿಂಡಿದಳು.

ಉಮರ್ಗಾದಿಂದ ಬಟ್ಟೆ ಕೊಳ್ಳಲು ಬಂದ ಬೀಗರೊಬ್ಬರು ಮುತ್ಯಾನ ಮುಂದಿನ ಸಿಪ್ಪೆಯ ರಾಶಿ ನೋಡಿ ಇದೇನೆಂದು ಕೇಳಿದರು. "ಏನ್ ಹೇಳ್ಲಿ? ಗಿಣಿ ಸಲುವಾಗಿ ನನಗ ಮೇವು ಹಾಕ್ಲಾಕತ್ಯಾರ," ಎಂದರು ಮುತ್ಯಾ. ಆಯಿ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಹೀರಾನ ಎದೆಯಲ್ಲಿ ಹೊಸ ಪುಕ್ಕ ಮೂಡಿತು, ಎಳೆಯ ಜೋಳದ ಎಲೆಯ ಬಣ್ಣದ್ದು. ಬೇಸಿಗೆ ಹೊಸ್ತಿಲಲ್ಲಿದ್ದ ಒಂದು ಬೆಳಿಗ್ಗೆ ಅದು ಮುತ್ಯಾನ ಹೆಗಲಿನಿಂದ ಎದ್ದು, ಪಡಸಾಲೆ ದಾಟಿ, ಅಂಗಳದಾಚೆಯ ಬೇವಿನ ಮರದ ತುದಿಗೆ ಹೋಗಿ ಕೂತಿತು. ಅದು ಅಷ್ಟು ಹಾರೀತೆಂದು ಯಾರೂ ಎಣಿಸಿರಲಿಲ್ಲ. ಮುತ್ಯಾ ಧೋತರದ ಚುಂಗು ಹಿಡಿದುಕೊಂಡು ಓಡಿದರು. ಮರದ ಕೆಳಗೆ ನಿಂತು, ಮೇಲೆ ನೋಡುತ್ತ, ಕೈಯಲ್ಲಿದ್ದ ಪೇರಲ ಕಚ್ಚಿ ಸಪ್ಪಳ ಮಾಡುತ್ತ ಅಗಿದರು. ಹೀರಾ ಕೊಂಬೆಯಿಂದ ಕೊಂಬೆಗೆ ಇಳಿದು ಅವರ ರುಮಾಲಿನ ಮೇಲೆ ಬಂದು ಕೂತಿತು. ನಾವೆಲ್ಲ ಗಿಣಿಯನ್ನೇ ನೋಡುತ್ತಿದ್ದೆವು. ಆಯಿ ಮಾತ್ರ ಮುತ್ಯಾನನ್ನು ನೋಡುತ್ತಿದ್ದರು. ಅಂಗಳದುದ್ದ ಓಡಿದ ಆ ಮನುಷ್ಯನಿಗೆ ಏದುಸಿರು ಬಂದಿರಲಿಲ್ಲ.

ಅದಾದಮೇಲೆ ಮುತ್ಯಾ ಬಹಳ ವರ್ಷ ಇದ್ದರು. ನನ್ನ ಮದುವೆಯಲ್ಲಿ ಹೆಗಲ ಮೇಲೆ ಹೀರಾನನ್ನು ಹೊತ್ತುಕೊಂಡೇ ಬೀಗರನ್ನು ಎದುರುಗೊಂಡರು. ಮುತ್ಯಾ ತೀರಿಹೋದ ಸುದ್ದಿ ಕೇಳಿ ನಾನು ತವರಿಗೆ ಬಂದಾಗ ಹೀರಾ ಬಟ್ಟಲು ಮುಟ್ಟದೆ ಕೂತಿತ್ತು. ಆಯಿಯೂ ಊಟ ಬಿಟ್ಟಿದ್ದರು, ಯಾರ ಮಾತಿಗೂ ಏಳುತ್ತಿರಲಿಲ್ಲ. ಒಂದು ಹೊತ್ತಿನಲ್ಲಿ ತಾವಾಗಿಯೇ ಎದ್ದು ಬಂದು ಪಂಜರದ ಎದುರು, ಮುತ್ಯಾನ ಗಾದಿಯ ಮೇಲೆ ಕೂತರು. ಒಂದು ಸವತಿಕಾಯಿ ಹೆಚ್ಚಿ, ಹೋಳೊಂದನ್ನು ಹೀರಾನಿಗೆ ತೋರಿಸಿ ಮೊದಲು ತಾವು ಕಚ್ಚಿದರು. "ನೋಡು, ನಾ ತಿಂದೆ. ಈಗ ನೀ ತಿನ್ನು," ಎಂದರು.

ಆ ವಾಡೆ ಈಗಿಲ್ಲ. ಅಲ್ಲಿದ್ದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಆವತ್ತು ಅವ್ವ ಕದದ ಹಿಂದೆ ನನ್ನ ಕೈ ಹಿಡಿದು, ಸದ್ದು ಮಾಡಬೇಡವೆಂದು ತಡೆದಿದ್ದಳು. ಆಚೆ ಪಡಸಾಲೆಯಲ್ಲಿ ಆಯಿ, ಹೀರಾ ಇಬ್ಬರೂ ನಿಧಾನವಾಗಿ ಅಗಿಯುವ ಸಪ್ಪಳವನ್ನು ಕೇಳುತ್ತ ನಾವು ಬಹಳ ಹೊತ್ತು ನಿಂತಿದ್ದೆವು.