ಹುಣಸೆಮರದ ಕೆಳಗೆ ಕೂತವರು

ಮೊನ್ನೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದೆ. ಬಿಸಿಲಿಗೆ ಒಣಗಿದ ಹೊಸ ಹುಣಸೆಯ ವಾಸನೆ ನಿಮಗೆ ಗೊತ್ತಲ್ಲ ಮಕ್ಕಳೇ, ಮೂಗಿಗಿಂತ ಮೊದಲು ಹಲ್ಲಿಗೆ ತಿಳಿಯುತ್ತದೆ. ಮೊಮ್ಮಗ ಮಂಜು ಫೋನು ಹಿಡಿದು ಬಂದು ಪಕ್ಕದಲ್ಲಿ ಕುಕ್ಕರಿಸಿದ. ಹತ್ತನೆಯ ತರಗತಿಯ ಫಲಿತಾಂಶ ಬಂದಿತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಐದೂ ತಾಲ್ಲೂಕಿನ ಸರ್ಕಾರಿ ಶಾಲೆಗಳನ್ನು ಯಾರೋ ಒಂದೇ ಸಾಲಿನಲ್ಲಿ ನಿಲ್ಲಿಸಿ, ಮೇಲೆ ಯಾರು, ಕೆಳಗೆ ಯಾರು ಎಂದು ಪಟ್ಟಿ ಮಾಡಿ ಕಳಿಸಿದ್ದರು. ಯಾವ ತಾಲ್ಲೂಕು ಎಲ್ಲಿತ್ತೆಂದು ನಾನು ಬರೆಯುವುದಿಲ್ಲ. ಬರೆದರೆ ಹಡಗಲಿಯ ನಿಮ್ಮ ಅತ್ತೆ ಒಂದು ತಿಂಗಳು ನನ್ನ ಫೋನು ಎತ್ತುವುದಿಲ್ಲ. ಹರಪನಹಳ್ಳಿಯ ನನ್ನ ತಮ್ಮನಂತೂ, "ನಮ್ಮನ್ನ ಆ ಜಿಲ್ಲೆಗೊಮ್ಮೆ ಈ ಜಿಲ್ಲೆಗೊಮ್ಮೆ ಹಾಕಿದ್ರೆ ಮಕ್ಕಳು ಓದೋದು ಹೆಂಗಕ್ಕಾ?" ಎಂದು ಜಗಳಕ್ಕೇ ಬರುತ್ತಾನೆ.

"ಅಜ್ಜಿ, ನಮ್ಮೂರ ಸಾಲಿ ರಿಸಲ್ಟು ನೂರಕ್ಕ ನೂರು ಆಗ್ತಿತ್ತು. ಒಬ್ಬಾಕಿ ಹೋಗ್ಯಾಳ, ಗಣಿತದಾಗ," ಎಂದ ಮಂಜು. ಆ ಒಬ್ಬಾಕಿ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಮ್ಮ ನೇತ್ರಾ.

"ಅಕ್ಕ ಪರೀಕ್ಷೆಗೆ ಕುಂದರದಿದ್ರ ನಾವು ಎಲ್ಲಾರಕಿಂತ ಮ್ಯಾಲೆ ಇರ್ತಿದ್ವಿ."

ಅವನ ಮಾತಿನಲ್ಲಿ ಕೆಡುಕಿರಲಿಲ್ಲ, ಲೆಕ್ಕವಷ್ಟೇ ಇತ್ತು. ಆದರೆ ಅವಳು ಕೂರಲೇಬೇಕೆಂದು ಹಟ ಹಿಡಿದವಳು ನಾನು. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಒಂದು ಹುಣಸೆಮರದ ಹತ್ತಿರ ಕರೆದುಕೊಂಡು ಹೋಗಬೇಕು.

ಆ ಮರ ನನ್ನ ತವರೂರಿನ ಶಾಲೆಯ ಹಿಂದೆ ಇತ್ತು. ಶಾಲೆ ಎಂದರೆ ಒಂದೇ ಕೋಣೆ, ಒಂದೇ ಕಿಟಕಿ, ಒಬ್ಬರೇ ಮಾಸ್ತರು. ವರ್ಷಕ್ಕೊಮ್ಮೆ ತಪಾಸಣೆಗೆ ಸಾಹೇಬರು ಬರುತ್ತಿದ್ದರು. ಆ ದಿನಕ್ಕೆಂದು ನಮ್ಮ ಮಾಸ್ತರಿಗೂ ಪಕ್ಕದೂರಿನ ಮಾಸ್ತರಿಗೂ ಒಂದು ಒಳ ಒಪ್ಪಂದ. ಜಾಣ ಮಕ್ಕಳ ಕಡ. ಹೆಪ್ಪಿಗೆ ಮಜ್ಜಿಗೆ ಕೇಳಿದ ಹಾಗೆ. ನಮ್ಮಲ್ಲಿ ತಪಾಸಣೆಯಾದರೆ ಅಲ್ಲಿಂದ ನಾಲ್ಕು ಮಕ್ಕಳು ಬರುತ್ತಿದ್ದರು, ಅಲ್ಲಿ ಆದರೆ ಇಲ್ಲಿಂದ ಹೋಗುತ್ತಿದ್ದರು. ಬಂದವರು ನಮ್ಮ ಹೆಸರಿಗೆ "ಹಾಜರ್ ಸಾರ್" ಎನ್ನಬೇಕು. ನಾವು ಮರದ ಕೆಳಗೆ ಸದ್ದಿಲ್ಲದೆ ಕೂರಬೇಕು.

ನಾನು ದಡ್ಡಿಯಾಗಿರಲಿಲ್ಲ. ನನಗೆ ಬಾಯಿ ಇರಲಿಲ್ಲ, ಅಷ್ಟೇ. ಮಗ್ಗಿ ಎಲ್ಲ ಬರುತ್ತಿತ್ತು. ಯಾರಾದರೂ ಕೇಳಿದರೆ ಮಾತ್ರ ಬರುತ್ತಿರಲಿಲ್ಲ. "ನೀ ಒಳಗಿದ್ರೂ ಅಷ್ಟ, ಹೊರಗಿದ್ರೂ ಅಷ್ಟ. ಹೋಗವ್ವಾ, ಮರದ ಕೆಳಗ ಕುಂದ್ರು," ಎಂದರು ಮಾಸ್ತರು. ಬೈಯಲಿಲ್ಲ, ತಲೆ ಸವರಿಯೇ ಕಳಿಸಿದರು. ಮೊದಮೊದಲು ನನಗೂ ಖುಷಿಯೇ. ಹುಣಸೆಕಾಯಿ ಕಚ್ಚುತ್ತ ಕೂತವಳು, ಆಮೇಲೆ ತಡೆಯಲಾರದೆ ಕಿಟಕಿಯ ಕೆಳಗೆ ಹೋಗಿ ಗೋಡೆಗೆ ಅಂಟಿಕೊಂಡೆ. ಒಳಗೆ ಸಾಹೇಬರು ನನ್ನ ಹೆಸರು ಕೂಗಿದರು. ಪಕ್ಕದೂರಿನ ಶರಣವ್ವ ಎದ್ದು ನಿಂತಳು.

"ಎಂಟೊಂಬತ್ಲೆ?"

ಶರಣವ್ವ ಜಾಣೆಯೇ, ಆದರೆ ಸಾಹೇಬರ ಮೀಸೆ ನೋಡಿ ತಡವರಿಸಿದಳು. ನನಗೆ ಏನಾಯಿತೋ, ಕಿಟಕಿಯ ಕೆಳಗಿಂದಲೇ "ಎಪ್ಪತ್ತೆರಡು" ಎಂದು ಪಿಸುಗುಟ್ಟಿದೆ. ಅವಳು ಅದನ್ನೇ ಗಟ್ಟಿಯಾಗಿ ಹೇಳಿದಳು.

"ಶಭಾಷ್! ಯಾರ ಮಗಳಮ್ಮಾ ನೀನು?"

ಅವಳಿಗೆ ನನ್ನ ಹೆಸರು ಕಲಿಸಿದ್ದರು, ಅಪ್ಪನ ಹೆಸರು ಕಲಿಸಿರಲಿಲ್ಲ. ತನ್ನಪ್ಪನ ಹೆಸರನ್ನೇ ಹೇಳಿಬಿಟ್ಟಳು. ಸಾಹೇಬರು ಹಾಜರಿ ಪುಸ್ತಕ ನೋಡಿದರು, ಹುಡುಗಿಯನ್ನು ನೋಡಿದರು. ಮಾಸ್ತರು ಕೆಮ್ಮಿ, "ದತ್ತಕ ಕೊಟ್ಟಾರ್ರೀ ಸಾಹೇಬ್ರ," ಎಂದರು.

ಆ ವರ್ಷ ನಮ್ಮ ಶಾಲೆಗೆ ಒಳ್ಳೆಯ ಹೆಸರು ಬಂತು. ಈ ಕಥೆ ಹೇಳಿದಾಗಲೆಲ್ಲ ನಿಮ್ಮ ತಾತ, "ದತ್ತಕದಾಕಿ, ಒಂದೀಟು ಚಾ ತಾ," ಎಂದು ಕಾಡುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನನ್ನ ಹೆಸರಿಗೆ ಬಂದ ಆ ಒಂದು ಶಭಾಷ್ ಕೇಳಿದಾಗ ನಾನು ಗೋಡೆಯ ಆಚೆ ಇದ್ದೆ ಎಂಬುದನ್ನು ಅವರಿಗೂ ಸರಿಯಾಗಿ ಹೇಳಿರಲಿಲ್ಲ.

ತಾತ ಇರುವವರೆಗೆ ಹೊರಗಿನ ಮಾತೆಲ್ಲ ಅವರದೇ ಆಗಿತ್ತು. ಅವರು ಹೋದ ಮೇಲೆ ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಕಳೆದ ಚಳಿಗಾಲದಲ್ಲಿ, ನೇತ್ರಾಳ ಅವ್ವನ ಜೊತೆ. ಕಾಮಾಲೆಯಾಗಿ ಮಲಗಿದ್ದಕ್ಕೆ ನೇತ್ರಾಳ ಹಾಜರಿ ಕಡಿಮೆಯಾಗಿತ್ತು, ಗಣಿತ ಹಿಂದೆ ಬಿದ್ದಿತ್ತು. ಹೆಡ್ ಮಾಸ್ತರು ಕುರ್ಚಿ ಹಾಕಿಸಿ ಕೂರಿಸಿಯೇ ಹೇಳಿದರು.

"ಅಜ್ಜಿ, ಹಾಜರಿ ಸಾಲದು ಅಂತ ಬರದುಬಿಡ್ತೀವಿ. ಬರೋ ವರ್ಷ ಖಾಸಗಿಯಾಗಿ ಕಟ್ಟಲಿ. ಉಳಿದ ಮಕ್ಕಳೆಲ್ಲ ಪಾಸಾಗೋರು. ಪಟ್ಟಿ ಬಂದಾಗ ಮ್ಯಾಲಿನೋರು ನನ್ನ ನಿಲ್ಲಿಸಿ ಕೇಳ್ತಾರ ನೋಡ್ರಿ."

ಸೊಸೆ ನೆಲ ನೋಡುತ್ತಿದ್ದಳು. ಅವರ ಹಿಂದಿನ ಕಿಟಕಿ ಕಾಣಿಸಿತು.

"ಸರ, ಬರೋ ವರ್ಷ ಆಕಿ ಬರಂಗಿಲ್ರೀ," ಎಂದೆ. "ಒಮ್ಮೆ ಹೊರಗ ಕುಂದ್ರಿಸಿದ ಹುಡುಗಿ ಅಲ್ಲೇ ಕುಂದರತಾಳ. ನಾ ಕುಂತೀನಿ. ಹಾಜರಿಗೆ ದವಾಖಾನಿ ಚೀಟಿ ಅದಾವ, ತಗೋರಿ. ಪಾಸಾಗಲಿ ಬಿಡಲಿ, ಒಳಗ ಕುಂತು ಬರೀಲಿ. ಯಾರಾದ್ರೂ ಕೇಳಿದ್ರ ಈ ಮುದುಕಿ ಹಟ ಮಾಡಿದ್ಲು ಅನ್ರಿ."

ಹೆಡ್ ಮಾಸ್ತರು ಹಾಜರಿ ಪುಸ್ತಕ ಎಳೆದುಕೊಂಡರು. ಆಮೇಲೆ, "ತಾಯಿ, ಚೀಟಿ ಕೊಡ್ರಿ," ಎಂದರು. ಕೆಟ್ಟವರಲ್ಲ ಅವರು. ನಮ್ಮ ಹಳೆಯ ಮಾಸ್ತರೂ ಕೆಟ್ಟವರಾಗಿರಲಿಲ್ಲ.

ಈಗ ಪಡಸಾಲೆಗೆ ಬನ್ನಿ. ಮಂಜು ಇನ್ನೂ ಪಟ್ಟಿ ನೋಡುತ್ತಿದ್ದ.

"ಲೇ ಮಂಜಾ, ಪರೀಕ್ಷೆಗೆ ಕುಂದರಬ್ಯಾಡ ಅಂತ ಹೊರಗ ಉಳಿಸಿದೋರು ಎಷ್ಟು ಮಂದಿ ಅಂತ ಅದರಾಗ ಐತೇನು?"

ಅವನು ಬೆರಳಿನಿಂದ ಮೇಲೆ ಕೆಳಗೆ ಎಳೆದ. "ಇಲ್ಲಜ್ಜಿ. ಅದನ್ಯಾಕ ಹಾಕ್ತಾರ?"

"ಹಂಗಾದ್ರ ಬ್ಯಾರೇದೋರದು ನನಗ ಗೊತ್ತಿಲ್ಲ. ನಮ್ಮ ಸಾಲಿ ಲೆಕ್ಕ ಖರೇ ಐತಿ."

ಒಳಗೆ ಚಾಪೆ ಸುತ್ತುವ ಸದ್ದಾಯಿತು. ನೇತ್ರಾ ಮುಖ ತೊಳೆದುಕೊಂಡು ಗಣಿತದ ಪುಸ್ತಕ ಹಿಡಿದು ಬಂದು ನನ್ನ ಎದುರು ಕೂತಳು. "ಎರಡನೇ ಪರೀಕ್ಷೆ ಇದೇ ತಿಂಗಳು ಐತಂತ," ಎಂದಳು, ಯಾರಿಗೂ ಅಲ್ಲ ಎನ್ನುವಂತೆ. ಬಾಯಿಪಾಠದಂತೆ ಗುಣಿಸುತ್ತ ಹೋದವಳು ಒಂದು ಕಡೆ ನಿಂತಳು.

"ಎಂಟೊಂಬತ್ಲೆ..."

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ತಲೆ ಬಗ್ಗಿಸಿ ಬೀಜ ತೆಗೆಯುತ್ತಲೇ ಇದ್ದೆ. ಬಾಯಿ ಬಿಡಲಿಲ್ಲ.

"ಎಪ್ಪತ್ತೆರಡು," ಎಂದಳು ನೇತ್ರಾ, ಗಟ್ಟಿಯಾಗಿ.